ಮರದ ಕಟ್ಟಡವನ್ನು ಬಿಮ್ ಸಾಫ್ಟ್‌ವೇರ್‌ನಲ್ಲಿ ಡೀಟೇಲ್ ಮಾಡುವಾಗ: ಜಾಯಿಂಟ್‌ನಿಂದ ಶುರು ಮಾಡಿ

ಎರಡು ಕಂಬ, ನಡುವೆ ಒಂದು ತೊಲೆ. ತೊಲೆಯ ಎರಡೂ ತುದಿಯಲ್ಲಿ 60 ಮಿ.ಮೀ. ಉದ್ದದ ನಾಲಗೆ, ಅಂದರೆ ಟೆನನ್. ಅದು ಕೂರಲು ಎರಡೂ ಕಂಬದಲ್ಲಿ ಗೂಡು, ಅಂದರೆ ಮಾರ್ಟೀಸ್. ಬಿಮ್, ಅಂದರೆ ಕಟ್ಟಡವನ್ನು ಕಂಪ್ಯೂಟರ್‌ನಲ್ಲಿ ತುಂಡು ತುಂಡಾಗಿ ಮೂರು ಆಯಾಮದಲ್ಲಿ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ನಾನು ಮೊದಮೊದಲು ಮಾಡಿದ ಮರದ ಕಟ್ಟಡದ ಮಾಡೆಲ್‌ಗಳಲ್ಲಿ ಒಂದರಲ್ಲಿ ಹೀಗಿತ್ತು. ತುಂಡುಗಳು ಒಂದರೊಳಗೊಂದು ಹೊಕ್ಕಿವೆಯಾ ಅಂತ ನೋಡುವ ಕ್ಲಾಶ್ ಚೆಕ್ ಓಡಿಸಿದೆ, ಒಂದೂ ತಪ್ಪು ತೋರಿಸಲಿಲ್ಲ. ಸೆಕ್ಷನ್ ಡ್ರಾಯಿಂಗ್ ಕೂಡ ಚೆನ್ನಾಗಿ ಬಂತು. ಪ್ರಿಂಟ್ ನೋಡಿದ ಬಡಗಿ ಕೇಳಿದ್ದು ಒಂದೇ ಪ್ರಶ್ನೆ: "ಕಂಬ ಎರಡೂ ನಿಂತಾದ ಮೇಲೆ ಈ ತೊಲೆ ಒಳಗೆ ಹೋಗೋದು ಹೇಗೆ ಸರ್?"

ಹೋಗುವುದಿಲ್ಲ. ತೊಲೆ ಎರಡು ಕಂಬಗಳ ನಡುವಿನ ಜಾಗಕ್ಕಿಂತ 120 ಮಿ.ಮೀ. ಉದ್ದ ಇದೆ. ಪರದೆಯ ಮೇಲೆ ಅದು ಗೊತ್ತಾಗಲಿಲ್ಲ, ಯಾಕೆಂದರೆ ಅಲ್ಲಿ ಯಾವ ತುಂಡೂ ಎಲ್ಲಿಂದಲೋ ಬಂದು ಸೇರಬೇಕಿಲ್ಲ. ಕ್ಲಿಕ್ ಮಾಡಿದರೆ ಇದ್ದ ಜಾಗದಲ್ಲೇ ಹುಟ್ಟಿಕೊಳ್ಳುತ್ತದೆ.

ಮರದ ಡೀಟೇಲಿಂಗ್‌ನ ಹೆಚ್ಚಿನ ತಲೆನೋವು ಇದೇ ಜಾತಿಯದು. ನಾವು ಬಳಸುವ ಹೆಚ್ಚಿನ ಸಾಫ್ಟ್‌ವೇರ್‌ಗೆ ತೊಲೆ ಎಂದರೆ ಒಂದು ಗೆರೆ, ಅದರ ಉದ್ದಕ್ಕೂ ಎಳೆದ ಒಂದು ಆಕಾರ, ಮೇಲೊಂದು ಬಣ್ಣ. ಉಕ್ಕಿಗೆ, ಕಾಂಕ್ರೀಟಿಗೆ ಇಷ್ಟು ಬಹುಮಟ್ಟಿಗೆ ಸಾಕು. ಮರ ಹಾಗಲ್ಲ. ಅದರ ನಾರಿಗೆ, ಅಂದರೆ ಎಳೆಗೆ, ಒಂದು ದಿಕ್ಕಿದೆ. ಅದು ಒಣಗಿ ಕುಗ್ಗುತ್ತದೆ. ಜಾಯಿಂಟ್‌ಗಾಗಿ ಮರವನ್ನೇ ಕೆತ್ತಬೇಕು, ಕೆತ್ತಿದಷ್ಟೂ ಅದರ ಬಲ ಕಡಿಮೆ. ಇದನ್ನೆಲ್ಲ ಸಾಫ್ಟ್‌ವೇರ್‌ಗೆ ನಾವೇ ಹೇಳಿಕೊಡಬೇಕು. ಯಾವ ಕ್ರಮದಲ್ಲಿ ಹೇಳಿದರೆ ಕೆಲಸ ಎರಡು ಸಲ ಆಗುವುದಿಲ್ಲ ಅನ್ನುವುದೇ ಈ ಲೇಖನ.

1. ಮಾಡೆಲ್ ಯಾರಿಗೆ ಅಂತ ಮೊದಲು ತೀರ್ಮಾನಿಸಿ

ಅನುಮತಿಗೆ ಕೊಡುವ ಡ್ರಾಯಿಂಗ್ ಬೇಕಾ, ಬಡಗಿಗೆ ಶಾಪ್ ಡ್ರಾಯಿಂಗ್ ಬೇಕಾ, ಇಲ್ಲಾ ಕಂಪ್ಯೂಟರ್ ಹೇಳಿದಂತೆ ಕೊಯ್ಯುವ ಸಿಎನ್‌ಸಿ ಯಂತ್ರಕ್ಕೆ ನೇರವಾಗಿ ಫೈಲ್ ಹೋಗುತ್ತದಾ? ಮೂರಕ್ಕೂ ಬೇಕಾದ ವಿವರ ಬೇರೆ ಬೇರೆ. ಮಾಡೆಲ್‌ನಲ್ಲಿ ಎಷ್ಟು ವಿವರ ಇದೆ ಎಂದು ಹೇಳುವ ಎಲ್‌ಒಡಿ ಲೆಕ್ಕದಲ್ಲಿ 300 ಎಂದರೆ ಸರಿಯಾದ ಅಳತೆ ಮತ್ತು ಜಾಗ, 350 ಎಂದರೆ ಪಕ್ಕದ ಭಾಗಗಳ ಜೊತೆಗಿನ ಜೋಡಣೆಯೂ ಸೇರಿ, 400 ಎಂದರೆ ತಯಾರಿಕೆಗೆ ಸಾಕಾಗುವಷ್ಟು. ಮರದ ವಿಷಯದಲ್ಲಿ 300 ಮತ್ತು 400ರ ನಡುವೆ ದೊಡ್ಡ ಕಂದಕವೇ ಇದೆ.

ರೆವಿಟ್, ಆರ್ಕಿಕ್ಯಾಡ್ ಥರದವು ಇಡೀ ಕಟ್ಟಡಕ್ಕೆ ಹೇಳಿ ಮಾಡಿಸಿದವು. ಕ್ಯಾಡ್‌ವರ್ಕ್, ಸೆಮಾ, ಡೀಟ್ರಿಚ್ಸ್, ಎಚ್‌ಎಸ್‌ಬಿಕ್ಯಾಡ್ ಇವು ಮರದ ಕೆಲಸಕ್ಕೆಂದೇ ಬೆಳೆದವು. ಯಂತ್ರದವರೆಗೆ ಹೋಗುವ ಕೆಲಸವಾದರೆ ಎರಡನೇ ಗುಂಪಿನ ಒಂದನ್ನು ಕಲಿಯಿರಿ, ಅಥವಾ ಅದನ್ನು ಬಲ್ಲವರ ಜೊತೆ ಸೇರಿ ಮಾಡಿ. ಮೊದಲ ಗುಂಪಿನದರಲ್ಲೇ ಎಲ್ಲವನ್ನೂ ಎಳೆದಾಡಿ ಮುಗಿಸುತ್ತೇನೆ ಎಂದು ಹೊರಟು ನಾನು ವಾರಗಟ್ಟಲೆ ಕಳೆದಿದ್ದೇನೆ. ಅದು ಹಟ ಅಷ್ಟೇ.

2. ಅಳತೆ: ಹೆಸರಿನಲ್ಲಿ ಇರುವುದೇ ಬೇರೆ, ಮರದಲ್ಲಿ ಇರುವುದೇ ಬೇರೆ

ಉತ್ತರ ಅಮೆರಿಕದ 'ಟು ಬೈ ಫೋರ್' ಹೆಸರಿಗೆ 2 ಇಂಚು, 4 ಇಂಚು. ಕೀಸಿ ಒಣಗಿದ ಮೇಲೆ ಕೈಗೆ ಬರುವುದು 38 × 89 ಮಿ.ಮೀ. 'ಟು ಬೈ ಟೆನ್' 38 × 235. ಹೆಸರು ನೋಡಿ 50 × 100 ಅಂತ ಫ್ಯಾಮಿಲಿ, ಅಂದರೆ ಮತ್ತೆ ಮತ್ತೆ ಬಳಸುವ ಸಿದ್ಧ ತುಂಡು, ಮಾಡಿಟ್ಟರೆ ಪ್ರತಿ ಗೋಡೆಯೂ 11 ಮಿ.ಮೀ. ದಪ್ಪ ಜಾಸ್ತಿ. ಬೇರೆ ಕಡೆಯ ಮರಕ್ಕೂ ಇದೇ ಕಥೆ: ಗರಗಸದಿಂದ ಬಂದ ಅಳತೆ ಒಂದು, ಕೀಸಿದ ಮೇಲಿನದು ಇನ್ನೊಂದು.

ಮರ ಕೊಡುವವರಿಂದ ಕೀಸಿದ ಅಳತೆ ಮತ್ತು ತೇವಾಂಶ ಎರಡನ್ನೂ ಕೇಳಿ ಬರೆದುಕೊಳ್ಳಿ. ಆಮೇಲೆ ಲೈಬ್ರರಿ ಮಾಡಿ, ಬೇಡದ ಸೈಜ್‌ಗಳನ್ನು ಅಳಿಸಿಬಿಡಿ. ಲೈಬ್ರರಿಯಲ್ಲಿ ಉಳಿದುಕೊಂಡ ಸೈಜ್ ಯಾವತ್ತೋ ಒಂದು ದಿನ ಯಾರ ಕೈಗೋ ಸಿಕ್ಕೇ ಸಿಗುತ್ತದೆ.

3. ಗೆರೆ ಎಲ್ಲಿ ಇಡುತ್ತೀರಿ?

ತೊಲೆಯ ಆಧಾರ ಗೆರೆ ಮಧ್ಯದಲ್ಲಿ ಇದೆ ಎಂದುಕೊಳ್ಳಿ. ಎಂಜಿನಿಯರ್ 240 ಮಿ.ಮೀ. ಎತ್ತರದ ತೊಲೆಯನ್ನು 280 ಮಾಡಿ ಎನ್ನುತ್ತಾರೆ. ನೀವು ಸೈಜ್ ಬದಲಿಸಿದ ತಕ್ಷಣ ತೊಲೆಯ ಮೇಲ್ಮೈ 20 ಮಿ.ಮೀ. ಮೇಲೇರಿ ನೆಲದ ಹಲಗೆಯೊಳಗೆ ಹೊಕ್ಕುತ್ತದೆ. ನೆಲದ ತೊಲೆಗೆ, ಛಾವಣಿಯ ಓರೆ ತೊಲೆಗೆ ಅಂದರೆ ರಾಫ್ಟರ್‌ಗೆ, ಗೆರೆ ಮೇಲ್ಮೈಯಲ್ಲಿ ಇರಲಿ. ಹೊರಗೋಡೆಯ ಕಂಬಕ್ಕೆ ಹೊರಮೈಯಲ್ಲಿ ಇರಲಿ. ಲೆಕ್ಕದ ಮಾಡೆಲ್‌ಗೆ ಮಧ್ಯದ ಗೆರೆ ಬೇಕೆಂದು ಎಂಜಿನಿಯರ್ ಕೇಳುತ್ತಾರೆ. ಅದನ್ನು ಬೇರೆಯಾಗಿಯೇ ಕೊಡಿ, ಒಂದೇ ಗೆರೆ ಎರಡೂ ಕೆಲಸ ಮಾಡುವುದು ಬೇಡ.

ಇನ್ನೊಂದು, ತಾನಾಗಿ ಆಗುವ ಜೋಡಣೆಯನ್ನು ನಿಲ್ಲಿಸಿ. ತೊಲೆಯನ್ನು ಕಂಬದ ಹತ್ತಿರ ತಂದರೆ ಕೆಲವು ಸಾಫ್ಟ್‌ವೇರ್ ಅದನ್ನು ತನ್ನಿಷ್ಟದಂತೆ ಹಿಂದೆ ಸರಿಸಿ ಸಂದು ಬಿಡುತ್ತವೆ. ಅದು ಉಕ್ಕಿನ ಅಭ್ಯಾಸ. ರೆವಿಟ್‌ನಲ್ಲಿ ತೊಲೆಯ ತುದಿಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಜಾಯಿನ್ ಬೇಡ ಎನ್ನುವ ಆಯ್ಕೆ ಸಿಗುತ್ತದೆ. ಮರದ ತೊಲೆ ಎಲ್ಲಿ ನಿಲ್ಲಬೇಕು ಅಂತ ಹೇಳಬೇಕಾದವರು ನೀವು.

4. ಒಂದು ಜಾಯಿಂಟ್ ಪೂರ್ತಿ ಮಾಡಿ, ಆಮೇಲೆ ಕಟ್ಟಡ

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ ಇದು. ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ? ಇಡೀ ಚೌಕಟ್ಟು ಎಬ್ಬಿಸುತ್ತೇವೆ, ಜಾಯಿಂಟ್ ಆಮೇಲೆ ನೋಡೋಣ ಅನ್ನುತ್ತೇವೆ. ಉಕ್ಕಿನಲ್ಲಿ ಅದು ನಡೆಯುತ್ತದೆ, ಪ್ಲೇಟ್ ಒಂದು ಸೇರಿಸಿ ಬೆಸೆದರಾಯಿತು. ಮರದಲ್ಲಿ ತುಂಡಿನ ಸೈಜ್ ತೀರ್ಮಾನಿಸುವುದು ಎಷ್ಟೋ ಸಲ ಜಾಯಿಂಟೇ.

ಲೆಕ್ಕ ಹಾಕಿ ನೋಡೋಣ. ತೊಲೆಯ ತುದಿಯನ್ನು ಉಕ್ಕಿನ ಪ್ಲೇಟಿಗೆ 16 ಮಿ.ಮೀ. ಬೋಲ್ಟ್‌ಗಳಿಂದ ಕಟ್ಟಬೇಕು. ಒಂದರ ಮೇಲೊಂದು ಎರಡು ಸಾಲು. ತೊಲೆಯ ಎತ್ತರ 140 ಮಿ.ಮೀ. ಮಾಡೆಲ್‌ನಲ್ಲಿ ಎರಡು ಸಾಲು ಆರಾಮಾಗಿ ಕೂರುತ್ತದೆ, ಇನ್ನೂ ಜಾಗ ಉಳಿಯುತ್ತದೆ. ಈಗ ಮರದ ಕಟ್ಟಡಗಳ ಯುರೋಪಿನ ನಿಯಮಾವಳಿಯಾದ ಯೂರೋಕೋಡ್ 5ರ 2004ರ ಪಟ್ಟಿ ತೆಗೆಯಿರಿ. ಎಳೆಗೆ ಅಡ್ಡವಾಗಿ ಎರಡು ಬೋಲ್ಟ್‌ಗಳ ನಡುವೆ ಬೋಲ್ಟ್ ವ್ಯಾಸದ 4 ಪಟ್ಟು, ಅಂದರೆ 64. ಭಾರ ಬೀಳದ ಅಂಚಿಗೆ 3 ಪಟ್ಟು, 48. ಎಳೆಗೆ ನೇರ ಅಡ್ಡವಾಗಿ ಭಾರ ತಳ್ಳುವ ಅಂಚಿಗೆ 4 ಪಟ್ಟು, 64. ಕೂಡಿಸಿದರೆ 176 ಮಿ.ಮೀ. ನಮ್ಮ ತೊಲೆ 140. ಇಷ್ಟೇ ಅಲ್ಲ, ಎಳೆಯುವ ಬಲವಿದ್ದರೆ ತೊಲೆಯ ತುದಿಯಿಂದ ಮೊದಲ ಬೋಲ್ಟ್‌ಗೆ 7 ಪಟ್ಟು, 112 ಮಿ.ಮೀ. ಬಿಡಬೇಕು, ಕಡಿಮೆಯೆಂದರೆ 80.

ಬೋಲ್ಟ್ ಚಿಕ್ಕದು ಮಾಡುವುದೋ, ತೊಲೆ ದೊಡ್ಡದು ಮಾಡುವುದೋ, ಒಂದೇ ಸಾಲಿನಲ್ಲಿ ಮುಗಿಸುವುದೋ ಎಂಜಿನಿಯರ್ ಜೊತೆ ಕೂತು ಮಾತಾಡಿ. ಆದರೆ ಆ ಮಾತು ಇನ್ನೂರು ತೊಲೆ ಮಾಡೆಲ್ ಆದ ಮೇಲೆ ಬಂದರೆ ಹೇಗಿರುತ್ತೆ ಯೋಚಿಸಿ. ಅದಕ್ಕೇ ಖಾಲಿ ಫೈಲ್ ಒಂದರಲ್ಲಿ ಕಟ್ಟಡದ ಮೂರು ನಾಲ್ಕು ಮುಖ್ಯ ಜಾಯಿಂಟ್‌ಗಳನ್ನು ಮೊದಲು ಪೂರ್ತಿ ಮಾಡಿ: ತೂತು, ವಾಷರ್, ಪ್ಲೇಟ್, ಎಲ್ಲವೂ. ವಾಷರ್ ಮರೆಯಬೇಡಿ. ಅದೇ ಕೋಡ್ ಪ್ರಕಾರ ಅದರ ಅಗಲ ಬೋಲ್ಟ್ ವ್ಯಾಸದ 3 ಪಟ್ಟು ಇರಬೇಕು, ನಮ್ಮ 16 ಮಿ.ಮೀ. ಬೋಲ್ಟ್‌ಗೆ 48 ಮಿ.ಮೀ. ಬೋಲ್ಟ್ ತಲೆ ಕೂತ ಜಾಗದಲ್ಲಿ ಎಷ್ಟೋ ಸಲ ವಾಷರ್ ಕೂರುವುದಿಲ್ಲ.

ಜಾಯಿಂಟ್ ಮಾಡುವಾಗ ಒಂದು ನಿಯಮ ಇಟ್ಟುಕೊಳ್ಳಿ: ಯಾವ ತುಂಡು ಯಾವುದನ್ನು ಕೆತ್ತುತ್ತದೆ ಅಂತ ಒಮ್ಮೆ ತೀರ್ಮಾನ ಮಾಡಿ, ಎಲ್ಲೆಡೆ ಅದನ್ನೇ ಪಾಲಿಸಿ. ನಾನು ತೊಲೆಯ ನಾಲಗೆಗೆ ತಕ್ಕಂತೆ ಕಂಬದಲ್ಲಿ ಗೂಡು ಬರುವಂತೆ ಮಾಡುತ್ತೇನೆ, ಉಲ್ಟಾ ಎಂದೂ ಅಲ್ಲ. ನಾಲಗೆಯ ಅಳತೆಯನ್ನೇ ಗೂಡಿಗೆ ಸುಮ್ನೆ ನಕಲು ಮಾಡಿದರೂ ಆಗುವುದಿಲ್ಲ. ಗೂಡು ಕೆಲವು ಮಿ.ಮೀ. ಆಳ ಜಾಸ್ತಿ ಇರಲಿ, ಇಲ್ಲದಿದ್ದರೆ ನಾಲಗೆಯ ತುದಿ ತಳಕ್ಕೆ ತಾಗಿ, ನಾಲಗೆಯ ಬುಡದಲ್ಲಿರುವ ಭುಜ ಕಂಬಕ್ಕೆ ಕೂರುವುದಿಲ್ಲ. ಯಂತ್ರ 40 ಮಿ.ಮೀ. ವ್ಯಾಸದ ಕಟರ್‌ನಲ್ಲಿ ಗೂಡು ತೋಡಿದರೆ ಮೂಲೆಯಲ್ಲಿ 20 ಮಿ.ಮೀ. ತ್ರಿಜ್ಯದ ದುಂಡು ಉಳಿಯುತ್ತದೆ. ನಿಮ್ಮ ನಾಲಗೆಯ ಮೂಲೆ ಚೂಪಾಗಿದ್ದರೆ ಸೈಟ್‌ನಲ್ಲಿ ಉಳಿ ಹಿಡಿಯುವವರು ನಿಮ್ಮನ್ನು ನೆನೆಸಿಕೊಳ್ಳುತ್ತಾರೆ.

5. ಎಳೆಯ ದಿಕ್ಕು ಬರೆದಿಡಿ

ಒಂದೇ ಮರದಿಂದ ಕೊಯ್ದ ತೊಲೆಗೆ ಈ ಚಿಂತೆ ಕಡಿಮೆ, ಎಳೆ ಉದ್ದಕ್ಕೇ ಇರುತ್ತದೆ. ತೊಂದರೆ ಬರುವುದು ಸಿಎಲ್‌ಟಿ ಹಲಗೆಯಲ್ಲಿ. ಪದರ ಅಡ್ಡ, ಪದರ ಉದ್ದ ಅಂತ ಮೂರು, ಐದು, ಏಳು ಪದರ ಅಂಟಿಸಿ ಮಾಡುವ ಹಲಗೆ ಅದು. ಹೊರಪದರದ ಎಳೆ ಓಡುವ ದಿಕ್ಕಿನಲ್ಲಿ ಗಟ್ಟಿ, ಇನ್ನೊಂದು ದಿಕ್ಕಿನಲ್ಲಿ ಅಷ್ಟಿಲ್ಲ. ಮಾಡೆಲ್‌ನಲ್ಲಿ ಹಲಗೆಯನ್ನು 90 ಡಿಗ್ರಿ ತಿರುಗಿಸಿ ಅಳತೆ ಬದಲಿಸಿದರೆ ನೋಡಲು ಅದೇ ಹಲಗೆ. ಮೇಲಿನ ಬಣ್ಣದ ಚಿತ್ರ ಮಾತ್ರ ಎಲ್ಲಿಗೋ ಓಡುತ್ತಿರುತ್ತದೆ, ಅದನ್ನು ನಂಬಬೇಡಿ. ಹೊರಪದರದ ದಿಕ್ಕಿಗೆ ಬಾಣದ ಗುರುತೊಂದು ಮಾಡಿ, ಹಲಗೆಯ ಜೊತೆಗೇ ತಿರುಗುವಂತೆ ಅದರೊಳಗೇ ಇಡಿ, ಪ್ರತಿ ಪ್ಲಾನ್‌ನಲ್ಲೂ ಕಾಣಲಿ.

6. ಮಾಡು, ಅಂದರೆ ಛಾವಣಿ: ಕೋನಗಳನ್ನು ಕಣ್ಣಳತೆಗೆ ಬಿಡಬೇಡಿ

ಎರಡು ಇಳಿಜಾರು ಮೂಲೆಯಲ್ಲಿ ಕೂಡುವ ಕಡೆ ಬರುವ ತೊಲೆಗೆ ಹಿಪ್ ರಾಫ್ಟರ್ ಅನ್ನುತ್ತಾರೆ. ಮರದ ಮಾಡೆಲಿಂಗ್ ಕಲಿಯುವವರು ಮೊದಲು ಮುಗ್ಗರಿಸುವುದು ಇಲ್ಲೇ. ಎರಡೂ ಕಡೆ 30 ಡಿಗ್ರಿ ಇಳಿಜಾರು, ಮೂಲೆ 90 ಡಿಗ್ರಿ ಎಂದುಕೊಳ್ಳಿ. ಹಿಪ್‌ನ ಇಳಿಜಾರು 30 ಅಲ್ಲ. ಅದು ಪ್ಲಾನ್‌ನಲ್ಲಿ 45 ಡಿಗ್ರಿಯಲ್ಲಿ ಓಡುವುದರಿಂದ ಅದೇ ಎತ್ತರಕ್ಕೆ ಜಾಸ್ತಿ ದೂರ ಹೋಗುತ್ತದೆ. 30ರ ಟ್ಯಾಂಜೆಂಟ್ ಅನ್ನು 2ರ ವರ್ಗಮೂಲದಿಂದ ಭಾಗಿಸಿದರೆ ಬರುವ ಕೋನ 22.2 ಡಿಗ್ರಿ. ಹಿಪ್‌ನ ಮೇಲ್ಮೈ ಎರಡೂ ಇಳಿಜಾರಿಗೆ ಹೊಂದಬೇಕಾದರೆ ಮಧ್ಯದಿಂದ ಎರಡೂ ಬದಿಗೆ 20.7 ಡಿಗ್ರಿ ಓರೆಯಾಗಿ ಕೀಸಬೇಕು. ಕೀಸುವ ರಗಳೆ ಬೇಡವಾದರೆ ಹಿಪ್ ಅನ್ನೇ ಕೆಳಗಿಳಿಸಬಹುದು. 80 ಮಿ.ಮೀ. ಅಗಲದ ಹಿಪ್ ಆದರೆ ನೇರ ಕೆಳಕ್ಕೆ ಸುಮಾರು 16 ಮಿ.ಮೀ.

ಮಾಡುವ ಕ್ರಮ ಹೀಗಿರಲಿ. ಮೊದಲು ಮಾಡಿನ ಸಮತಲಗಳನ್ನು ಮಾತ್ರ ಬರೆಯಿರಿ, ಮರ ಒಂದೂ ಬೇಡ. ಎರಡು ಸಮತಲ ಕೂಡುವ ಗೆರೆಯೇ ಹಿಪ್‌ನ ಗೆರೆ. ಆ ಗೆರೆಯ ಮೇಲೆ ತೊಲೆ ಇಟ್ಟು, ಅದರ ಮೇಲ್ಮೈಯನ್ನು ಅದೇ ಸಮತಲಗಳಿಂದ ಕತ್ತರಿಸಿ. ಹಿಪ್‌ಗೆ ಬಂದು ತಾಗುವ ಗಿಡ್ಡ ರಾಫ್ಟರ್‌ಗಳನ್ನು ಹಿಪ್‌ನ ಬದಿಯ ಮೇಲ್ಮೈಯಿಂದ ಕತ್ತರಿಸಿ, ಅದರ ಮಧ್ಯದ ಗೆರೆಯಿಂದ ಬೇಡ. ಮಧ್ಯದ ಗೆರೆ ಹಿಡಿದರೆ ಪ್ರತಿ ರಾಫ್ಟರ್ ಉದ್ದ ಬರುತ್ತದೆ, ಎಲ್ಲವೂ ಒಂದೇ ರೀತಿ ತಪ್ಪಿರುವುದರಿಂದ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಕೋನ ಅಳೆದು ಮೇಲಿನ ಲೆಕ್ಕಕ್ಕೆ ಹೋಲಿಸಿ. 22.2 ಬರಬೇಕಾದ ಕಡೆ 22.5 ಬಂದರೆ 'ಹತ್ತಿರ ಇದೆಯಲ್ಲ' ಅನ್ನಬೇಡಿ, ಎಲ್ಲೋ ಒಂದು ಗೆರೆ ಜಾರಿದೆ.

ರಾಫ್ಟರ್ ಗೋಡೆಯ ಮೇಲೆ ಕೂರಲು ಕೆತ್ತುವ ಕಚ್ಚು ಎತ್ತರದ ಮೂರನೇ ಒಂದು ಭಾಗ ಮೀರಬಾರದು ಎನ್ನುವುದು ಬಡಗಿಗಳ ಹಳೆಯ ಲೆಕ್ಕ. ಅದನ್ನು ರಾಫ್ಟರ್‌ಗೆ ಲಂಬವಾಗಿ ಅಳೆಯಬೇಕು. ಸೆಕ್ಷನ್‌ನಲ್ಲಿ ನೇರ ಮೇಲೆ ಕೆಳಗೆ ಡೈಮೆನ್ಷನ್ ಎಳೆದರೆ ಬೇರೆಯದೇ ಅಂಕಿ ಸಿಗುತ್ತದೆ.

7. ಒಣಗಿದಾಗ ಏನಾಗುತ್ತದೆ?

ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ. ಎಳೆಗೆ ಅಡ್ಡವಾಗಿ ತೇವಾಂಶ ಶೇ. 1ರಷ್ಟು ಇಳಿದರೆ ಸುಮಾರು ಶೇ. 0.25 ಕುಗ್ಗುತ್ತದೆ ಎಂದು ಮೆದು ಮರಕ್ಕೆ ಲೆಕ್ಕ ಹಿಡಿಯುತ್ತಾರೆ. ಚಿಕ್ಕ ಅಂಕಿ ಅನ್ನಿಸುತ್ತೆ, ಅಲ್ವಾ? ಒಂದು ಅಂತಸ್ತಿನಲ್ಲಿ 235 ಮಿ.ಮೀ. ಎತ್ತರದ ನೆಲದ ತೊಲೆ ಮತ್ತು 38 ಮಿ.ಮೀ. ದಪ್ಪದ ಮೂರು ಅಡ್ಡಪಟ್ಟಿ ಒಂದರ ಮೇಲೊಂದು ಮಲಗಿವೆ ಎಂದುಕೊಳ್ಳಿ. ಒಟ್ಟು 349 ಮಿ.ಮೀ. ಅಡ್ಡ ಮರ. ತೇವಾಂಶ 18ರಿಂದ 12ಕ್ಕೆ ಇಳಿದರೆ ಶೇ. 1.5 ಕುಗ್ಗುತ್ತದೆ, ಅಂದರೆ 5 ಮಿ.ಮೀ. ಚಿಲ್ಲರೆ. ನಾಲ್ಕು ಅಂತಸ್ತಿಗೆ 21 ಮಿ.ಮೀ. ಪಕ್ಕದಲ್ಲೇ ಕಾಂಕ್ರೀಟಿನ ಲಿಫ್ಟ್ ಗೋಡೆ ನಿಂತಿದೆ, ಅದು ಅಷ್ಟು ಕುಗ್ಗುವುದಿಲ್ಲ. ನೀವು ಮಾಡೆಲ್‌ನಲ್ಲಿ ಒಂದೇ ಮಟ್ಟಕ್ಕೆ ತಂದ ನೆಲ ಮುಂದೆ ಒಂದೇ ಮಟ್ಟದಲ್ಲಿ ಇರುವುದಿಲ್ಲ.

ಈ ಕುಗ್ಗುವಿಕೆಯನ್ನು ಮಾಡೆಲ್‌ನ ಆಕಾರದಲ್ಲಿ ತೋರಿಸಲು ಹೋಗಬೇಡಿ, ಎಲ್ಲ ಕಲಸುಮೇಲೋಗರ ಆಗುತ್ತದೆ. ಮಾಡೆಲ್ ಜೋಡಿಸುವ ದಿನದ ಅಳತೆಯಲ್ಲೇ ಇರಲಿ. ಕುಗ್ಗುವ ಕಡೆಗಳಲ್ಲಿ ಸಂದು ಬಿಡಿ, ಸಂದು ಯಾಕೆ ಅಂತ ಟಿಪ್ಪಣಿ ಹಾಕಿ. ಇಲ್ಲದಿದ್ದರೆ ಮುಂದೆ ಫೈಲ್ ತೆರೆದವರು ಅದನ್ನು ತಪ್ಪು ಎಂದು ತಿಳಿದು ಮುಚ್ಚಿಬಿಡುತ್ತಾರೆ. ಎತ್ತರದ ತೊಲೆಯನ್ನು ಉಕ್ಕಿನ ಪ್ಲೇಟಿಗೆ ಮೇಲಿನಿಂದ ಕೆಳಗಿನವರೆಗೆ ಬೋಲ್ಟ್ ಹಾಕಿ ಬಿಗಿದರೂ ಇದೇ ತೊಂದರೆ: ಮರ ಕುಗ್ಗಲು ನೋಡುತ್ತದೆ, ಪ್ಲೇಟ್ ಬಿಡುವುದಿಲ್ಲ, ನಡುವೆ ಸೀಳು ಬೀಳುತ್ತದೆ.

8. ಬೆಂಕಿಯ ಲೆಕ್ಕ ಪ್ಲೇಟಿನ ಜಾಗ ಬದಲಿಸುತ್ತದೆ

ದಪ್ಪ ಮರ ಹೊರಗಿನಿಂದ ಒಂದೇ ವೇಗದಲ್ಲಿ ಇದ್ದಿಲಾಗುತ್ತಾ ಹೋಗುತ್ತದೆ. 2004ರ ಯೂರೋಕೋಡ್ 5ರ ಲೆಕ್ಕದಲ್ಲಿ ಗ್ಲೂಲ್ಯಾಮ್‌ಗೆ, ಅಂದರೆ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ತೊಲೆಗೆ, ನಿಮಿಷಕ್ಕೆ 0.7 ಮಿ.ಮೀ. ಅದರ ಮೇಲೆ ಬಲ ಕಳೆದುಕೊಂಡ ಪದರ ಅಂತ 7 ಮಿ.ಮೀ. ಅರವತ್ತು ನಿಮಿಷಕ್ಕೆ 42 ಮತ್ತು 7, ಒಟ್ಟು 49 ಮಿ.ಮೀ. ಆದರೆ ಉಕ್ಕು ಬಿಸಿಗೆ ಬೇಗ ಸೋಲುತ್ತದೆ. ಹಾಗಾಗಿ ಬೆಂಕಿಗೆ ತೆರೆದಿರುವ ಕಡೆ ಪ್ಲೇಟನ್ನು ತೊಲೆಯ ಒಳಗೆ ಸೀಳು ಕೊಯ್ದು ಹುದುಗಿಸುತ್ತಾರೆ. ನಾರ್ವೆಯಲ್ಲಿ 2019ರಲ್ಲಿ ಮುಗಿದ 18 ಅಂತಸ್ತಿನ ಮಿಯೋಸ್ಟಾರ್ನೆಟ್ ಕಟ್ಟಡದ ಗ್ಲೂಲ್ಯಾಮ್ ಜಾಯಿಂಟ್‌ಗಳು ಹೀಗೆ, ಒಳಗಿನ ಪ್ಲೇಟ್ ಮತ್ತು ಉಕ್ಕಿನ ಗೂಟಗಳಿಂದ ಕಟ್ಟಿದವು.

ಮಾಡೆಲ್‌ನಲ್ಲಿ ಒಂದು ಉಪಾಯ ಮಾಡಬಹುದು. ತೊಲೆಯೊಳಗೆ, ಬೆಂಕಿ ತಾಗುವ ಮೈಗಳಿಂದ 49 ಮಿ.ಮೀ. ಒಳಗೆ ಇನ್ನೊಂದು ಪೆಟ್ಟಿಗೆಯನ್ನು ಬೇರೆ ಲೇಯರ್‌ನಲ್ಲಿ ಇಡಿ. ಪ್ಲೇಟಿನ ಯಾವ ಭಾಗ ಆ ಪೆಟ್ಟಿಗೆಯಿಂದ ಹೊರಗೆ ಇಣುಕುತ್ತದೋ ಅದರ ಬಗ್ಗೆ ಎಂಜಿನಿಯರ್‌ಗೆ ಕೇಳಿ.

9. ನಂಬರ್ ಹಾಕುವಾಗ ಎಡ ಬಲ ನೋಡಿ

ಇದರಲ್ಲಿ ನನ್ನ ಕೈ ಸುಟ್ಟಿದೆ. ಹನ್ನೆರಡು ಕಂಬ. ಪ್ರತಿಯೊಂದರ ಮುಂದಿನ ಮೈಯಲ್ಲಿ ತೊಲೆಗೆ ಗೂಡು, ಪಕ್ಕದ ಮೈಯಲ್ಲಿ ಓರೆ ಆಸರೆಗೆ ಕಚ್ಚು. ಆರು ಕಂಬಕ್ಕೆ ಕಚ್ಚು ಬಲಕ್ಕೆ, ಆರಕ್ಕೆ ಎಡಕ್ಕೆ. ಅರ್ಧ ಮಾಡೆಲ್ ಮಾಡಿ ಕನ್ನಡಿಯಂತೆ ಮಿರರ್ ಮಾಡಿದ್ದೆ. ಉದ್ದ ಒಂದೇ, ಸೈಜ್ ಒಂದೇ, ಕೆತ್ತನೆಯ ಲೆಕ್ಕವೂ ಒಂದೇ. ಸಾಫ್ಟ್‌ವೇರ್ ಹನ್ನೆರಡಕ್ಕೂ ಒಂದೇ ನಂಬರ್ ಕೊಟ್ಟಿತು. ನಾನು ಪಟ್ಟಿ ಕಳಿಸಿದೆ. ವರ್ಕ್‌ಶಾಪ್‌ನಿಂದ ಹನ್ನೆರಡು ಬಲಗೈ ಕಂಬ ಬಂದವು. ತಿರುಗಿಸಿ ನೋಡಿದ್ದಾಯಿತು, ತಲೆಕೆಳಗು ಮಾಡಿ ನೋಡಿದ್ದಾಯಿತು. ಬಲಗೈ ಚಪ್ಪಲಿಯಂತಿದ್ದ ಅದು ಎಡಕ್ಕೆ ಹೊಂದಲೇ ಇಲ್ಲ. ಅಲ್ಲ, ಚಪ್ಪಲಿ ಕಾಲಿಗೆ, ಆದರೆ ಅವತ್ತು ನನ್ನ ತಲೆ ಓಡುತ್ತಿದ್ದದ್ದೂ ಹಾಗೆಯೇ.

ಮಿರರ್ ಆದ ತುಂಡಿಗೆ ಬೇರೆ ನಂಬರ್ ಕೊಡುವ ಸೆಟ್ಟಿಂಗ್ ನಿಮ್ಮ ಸಾಫ್ಟ್‌ವೇರ್‌ನಲ್ಲಿ ಇದೆಯಾ ಅಂತ ಮೊದಲ ದಿನವೇ ನೋಡಿ. ಇಲ್ಲದಿದ್ದರೆ ಹೆಸರಿನಲ್ಲೇ ಎಡ, ಬಲ ಸೇರಿಸಿ. ಪ್ರತಿ ತುಂಡಿನ ಒಂದು ಮೈಗೆ ಗುರುತು ಇರಲಿ: ನಂಬರ್ ಬರೆದ ಮೈ ಯಾವಾಗಲೂ ಮೇಲಕ್ಕೆ ಅಥವಾ ಹೊರಕ್ಕೆ.

10. ಫೈಲ್ ಕಳಿಸುವುದು

ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಮಾಡೆಲ್ ಸಾಗಿಸುವ ಐಎಫ್‌ಸಿ ಫೈಲ್ ಆಕಾರ ಒಯ್ಯುತ್ತದೆ. ಆದರೆ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ದುಂಡು ತೂತು ಹತ್ತಾರು ಚಪ್ಪಟೆ ಮುಖಗಳಾಗಿ, ಗೂಡು ಬರೀ ಒಂದು ಹಳ್ಳವಾಗಿ ಬರುವುದುಂಟು. ಅದು ಡ್ರಿಲ್, ಇದು ಮಾರ್ಟೀಸ್ ಎಂಬ ಅರ್ಥ ಉಳಿಯುವುದಿಲ್ಲ. ಯಂತ್ರಕ್ಕೆ ಬೇಕಾದದ್ದು ಅದೇ ಅರ್ಥ. ಅದಕ್ಕೆ ಬಿಟಿಎಲ್ ಇದೆ, ಅದರ ಹೊಸ ರೂಪ ಎಕ್ಸ್‌ಎಂಎಲ್ ಆಧಾರದ ಬಿಟಿಎಲ್‌ಎಕ್ಸ್. ಅದರಲ್ಲಿ ತುಂಡು ಎಂದರೆ ಇಷ್ಟು ಉದ್ದದ ಕಚ್ಚಾ ಮರ, ಅದರ ಈ ಮೈಯಲ್ಲಿ ಇಲ್ಲಿ ಇಂಥ ಗರಗಸದ ಕೊಯ್ತ, ಇಲ್ಲಿ ಇಂಥ ತೂತು. ಕಟ್ಟಡದ ಉಳಿದ ಕೆಲಸದವರ ಜೊತೆ ಹೊಂದಿಸಲು ಐಎಫ್‌ಸಿ, ಕೊಯ್ಯಲು ಬಿಟಿಎಲ್. ಇಡೀ ಕಟ್ಟಡ ಕಳಿಸುವ ಮೊದಲು ನಿಮ್ಮ ಅತಿ ಕಷ್ಟದ ಒಂದೇ ತುಂಡನ್ನು ಕಳಿಸಿ, ಅವರ ಪರದೆಯ ಮೇಲೆ ಅದು ಹೇಗೆ ಕಾಣುತ್ತದೆ ಅಂತ ಚಿತ್ರ ತರಿಸಿಕೊಳ್ಳಿ.

ಮೊಳೆ, ಸಣ್ಣ ಸ್ಕ್ರೂಗಳನ್ನು ಒಂದೊಂದಾಗಿ ಮಾಡೆಲ್ ಮಾಡಬೇಡಿ. ಫೈಲ್ ಭಾರ ಆಗುತ್ತದೆ, ಯಾರೂ ನೋಡುವುದೂ ಇಲ್ಲ. ಪಟ್ಟಿಯಲ್ಲಿ ಲೆಕ್ಕ ಇದ್ದರೆ ಸಾಕು. ಉದ್ದನೆಯ ಸ್ಕ್ರೂ, ಬೋಲ್ಟ್, ಗೂಟ ಮಾತ್ರ ಬೇಕು.

11. ಜೋಡಿಸುವ ಕ್ರಮದಲ್ಲಿ ಒಮ್ಮೆ ನಡೆದು ಬನ್ನಿ

ಎಲ್ಲವನ್ನೂ ಮರೆಮಾಡಿ. ಆಮೇಲೆ ಸೈಟ್‌ನಲ್ಲಿ ಏರಿಸುವ ಕ್ರಮದಲ್ಲೇ ಒಂದೊಂದೇ ತುಂಡು ತೋರಿಸುತ್ತಾ ಹೋಗಿ. ಪ್ರತಿ ತುಂಡನ್ನೂ ಅದು ಬರುವ ದಿಕ್ಕಿನಲ್ಲಿ ಅರ್ಧ ಮೀಟರ್ ಹಿಂದೆ ಎಳೆದು, ಮತ್ತೆ ಒಳಗೆ ತಳ್ಳಿ ನೋಡಿ. ಮೊದಲು ಹೇಳಿದ ಎರಡು ನಾಲಗೆಯ ತೊಲೆ ಇಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೆ ದಾರಿ ಇಲ್ಲದಿಲ್ಲ. ಒಂದು ಕಂಬವನ್ನು ಕೊನೆಗೆ ನಿಲ್ಲಿಸಬಹುದು. ನೆಲದ ಮೇಲೆ ಮಲಗಿಸಿಯೇ ಇಡೀ ಚೌಕಟ್ಟು ಜೋಡಿಸಿ ಒಟ್ಟಿಗೆ ಎತ್ತಬಹುದು. ಇಲ್ಲವೇ ಗೂಡಿನ ಮೇಲ್ಭಾಗ ತೆರೆದಿಟ್ಟು ತೊಲೆಯನ್ನು ಮೇಲಿನಿಂದ ಇಳಿಸಬಹುದು. ನಾವು ಅವತ್ತು ಮಲಗಿಸಿ ಜೋಡಿಸಿದೆವು, ಡ್ರಾಯಿಂಗ್ ಬದಲಿಸಬೇಕಾಗಲಿಲ್ಲ. ಕ್ರೇನ್‌ನ ಲೆಕ್ಕ ಮಾತ್ರ ಬದಲಾಯಿತು.

ಇದೇ ನಡಿಗೆಯಲ್ಲಿ ಸ್ಕ್ರೂಗಳ ಹಿಂದೆಯೂ ನೋಡಿ. 300 ಮಿ.ಮೀ. ಉದ್ದದ ಸ್ಕ್ರೂ ಹಾಕಬೇಕಾದರೆ ಅದರ ತಲೆಯ ಹಿಂದೆ ಸ್ಕ್ರೂನಷ್ಟೇ ಜಾಗ, ಜೊತೆಗೆ ಡ್ರಿಲ್ ಹಿಡಿಯಲು ಜಾಗ, ಅದನ್ನು ಹಿಡಿದವರ ಮೊಣಕೈಗೂ ಜಾಗ ಬೇಕು. ಆ ಜಾಗದಷ್ಟು ದಪ್ಪ ಕೊಳವೆಯೊಂದನ್ನು ಮಾಡಿ ಪ್ರತಿ ಉದ್ದ ಸ್ಕ್ರೂವಿನ ಹಿಂದೆ ಅಂಟಿಸಿ, ಕ್ಲಾಶ್ ಚೆಕ್ ಇನ್ನೊಮ್ಮೆ ಓಡಿಸಿ. ಮೊದಲ ಸಲ ಸೊನ್ನೆ ತೋರಿಸಿದ ಪಟ್ಟಿ ಈ ಸಲ ಸೊನ್ನೆ ತೋರಿಸುವುದು ಅಪರೂಪ.